ಬಾಟಲಿಯಲ್ಲಿ ಬಾಳುವ ಬಾಳೆ

ಬೀಜವಿಲ್ಲದ ಬೆಳೆಯನ್ನು ಮುಂದಿನ ತಲೆಮಾರಿಗೆ ಕಾಪಿಡುವ ಸಾಹಸ

ಬೆಳಗಿನ ಜಾವದಲ್ಲಿ ಹೋಟೆಲಿನ ಒಲೆ ಹೊತ್ತುವುದಕ್ಕೆ ಮೊದಲೇ ಬನ್ಸಿನ ಹಿಟ್ಟು ಹದಕ್ಕೆ ಬಂದಿರಬೇಕು. ಹಿಂದಿನ ರಾತ್ರಿ ಕಳಿತ ಬಾಳೆಯ ಹಣ್ಣುಗಳನ್ನು ಡಜನುಗಟ್ಟಲೆ ಸುಲಿದು, ಕಿವುಚಿ, ಸಕ್ಕರೆ ಮೊಸರುಗಳೊಡನೆ ಮೈದಾಹಿಟ್ಟಿಗೆ ಸೇರಿಸಿ ಕಲಸಿಟ್ಟವರಿಗೆ ಇದು ಗೊತ್ತು. ವರ್ಷವೊಂದಕ್ಕೆ ಸಾವಿರಾರು ಹಣ್ಣುಗಳನ್ನು ಸುಲಿಯುವ ಆ ಕೈಗಳಿಗೆ ಎಂದಾದರೊಮ್ಮೆ ಬಾಳೆಯ ಬೀಜ ತಗುಲಿದ್ದುಂಟೆ? ಹಣ್ಣನ್ನು ಅಡ್ಡಲಾಗಿ ಕೊಯ್ದರೆ ನಡುವೆ ಸಾಸಿವೆಗಿಂತಲೂ ಸಣ್ಣದಾದ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಬೀಜಗಳಲ್ಲ, ಬೀಜವಾಗಲೆಂದು ಹೊರಟು ಅರ್ಧದಾರಿಯಲ್ಲೇ ನಿಂತುಹೋದವುಗಳ ಕುರುಹು ಮಾತ್ರ.

ಬೀಜವಿಲ್ಲದಿರುವುದು ತಿನ್ನುವವನಿಗೆ ಸುಖ. ಆದರೆ ಆ ಸುಖದ ಬೆನ್ನಿಗೇ ಒಂದು ದೊಡ್ಡ ಕಷ್ಟವೂ ಅಂಟಿಕೊಂಡಿದೆ. ಭತ್ತ, ರಾಗಿ, ಗೋಧಿಗಳ ಒಂದು ಹಳೆಯ ತಳಿಯನ್ನು ಉಳಿಸಿಕೊಳ್ಳಬೇಕೆಂದರೆ ಅದರ ಕಾಳನ್ನು ಒಣಗಿಸಿ, ಡಬ್ಬಿಯಲ್ಲಿ ತುಂಬಿ, ತಣ್ಣನೆಯ ಕೋಣೆಯಲ್ಲಿ ಇಟ್ಟರಾಯಿತು. ಎಷ್ಟೋ ವರ್ಷಗಳ ನಂತರ ಬಿತ್ತಿದರೂ ಮೊಳೆಯುತ್ತದೆ. ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪದಲ್ಲಿ, ಸದಾ ಹೆಪ್ಪುಗಟ್ಟಿರುವ ಬೆಟ್ಟವೊಂದರ ಹೊಟ್ಟೆಯೊಳಗೆ, ಜಗತ್ತಿನ ಬೆಳೆಗಳ ಬೀಜಗಳನ್ನು ಹೀಗೆ ಕಾಪಿಡಲೆಂದು 2008ರಲ್ಲಿ ಒಂದು ಮಹಾಭಂಡಾರವೇ ತೆರೆಯಿತು. ಆ ಭಂಡಾರದಲ್ಲಿ ನಮ್ಮ ಏಲಕ್ಕಿ ಬಾಳೆಗಾಗಲಿ, ರಸಬಾಳೆಗಾಗಲಿ ಸ್ಥಳವಿಲ್ಲ. ಇಡುವುದಕ್ಕೆ ಬೀಜವೇ ಇಲ್ಲವಷ್ಟೆ!

ಹಾಗಾದರೆ ಬಾಳೆಯನ್ನು ಉಳಿಸುವುದು ಹೇಗೆ? ಈ ಪ್ರಶ್ನೆಯ ಉತ್ತರವನ್ನು ವಿಜ್ಞಾನಿಗಳು ಬೆರಳುದ್ದದ ಗಾಜಿನ ನಳಿಗೆಯಲ್ಲಿ ಹುಡುಕಿದ್ದಾರೆ. ಅದು ಸುಲಭವಾಗಿ ಸಿಕ್ಕಿದ ಉತ್ತರವಲ್ಲ.

ಒಂದೇ ಗಿಡದ ಸಾವಿರ ವರ್ಷಗಳ ಬಾಳು

ಕಾಡುಬಾಳೆಯಲ್ಲಿ ಬೀಜವುಂಟು. ಹಣ್ಣಿನ ತುಂಬ ಕಲ್ಲಿನಂತಹ ಕಾಳುಗಳು. ತಿನ್ನಲು ತಿರುಳೇ ಇಲ್ಲವೆನ್ನಬೇಕು. ನಾವು ತಿನ್ನುವ ಬಹುಪಾಲು ಬಾಳೆಗಳು ಅಂತಹ ಎರಡು ಕಾಡುಜಾತಿಗಳ ಸಂತತಿ. ಮ್ಯೂಸಾ ಅಕ್ಯುಮಿನೇಟಾ ಎಂಬುದು ಒಂದು, ಮ್ಯೂಸಾ ಬಾಲ್ಬಿಸಿಯಾನಾ ಎಂಬುದು ಇನ್ನೊಂದು. ಸಿಮಂಡ್ಸ್ ಮತ್ತು ಶೆಪರ್ಡ್ ಎಂಬ ಸಸ್ಯಶಾಸ್ತ್ರಜ್ಞರು 1955ರಲ್ಲಿ ಪ್ರತಿಯೊಂದು ತಳಿಯಲ್ಲಿ ಈ ಎರಡರ ಪಾಲು ಎಷ್ಟೆಷ್ಟೆಂಬುದನ್ನು ಗುರುತಿಸಿ, ಮೊದಲನೆಯದನ್ನು 'ಎ' ಎಂದೂ ಎರಡನೆಯದನ್ನು 'ಬಿ' ಎಂದೂ ಕರೆದರು. ಜಗತ್ತೆಲ್ಲ ಇಂದಿಗೂ ಬಳಸುವ ಲೆಕ್ಕ ಅದೇ. ನಮ್ಮ ರಸಬಾಳೆಯಲ್ಲಿ 'ಎ'ಯ ಎರಡು ಪಾಲೂ 'ಬಿ'ಯ ಒಂದು ಪಾಲೂ ಇವೆ. ಪಚ್ಚಬಾಳೆಯಲ್ಲಿ ಮೂರೂ 'ಎ'ಯೇ.

ಹೀಗೆ ವರ್ಣತಂತುಗಳ ಮೂರು ಜೊತೆ ಕೂಡಿಕೊಂಡಿರುವ ಗಿಡದಲ್ಲಿ ಬೀಜ ಕಟ್ಟಲು ಬೇಕಾದ ಸಮಪಾಲು ಆಗುವುದಿಲ್ಲ. ಎಂದೋ ಒಂದು ಕಾಲದಲ್ಲಿ ಕಾಡಿನಂಚಿನಲ್ಲಿ ತಾನಾಗಿ ಹುಟ್ಟಿದ ಇಂತಹ ಬಂಜೆ ಗಿಡವನ್ನು ಯಾರೋ ಕಂಡರು, ಹಣ್ಣಿನ ರುಚಿ ನೋಡಿದರು, ಬುಡದಲ್ಲಿ ಎದ್ದ ಕಂದನ್ನು ಕಿತ್ತು ಮನೆಯ ಹಿತ್ತಿಲಲ್ಲಿ ನೆಟ್ಟರು. ಆ ಕಂದಿನಿಂದ ಮತ್ತೊಂದು ಕಂದು, ಅದರಿಂದ ಇನ್ನೊಂದು. ಕಂದು ತಾಯಿಯ ಮಗುವಲ್ಲ. ತಾಯಿಯ ಮೈಯದೇ ಒಂದು ತುಂಡು. ಅಜ್ಜ ನೆಟ್ಟ ಬಾಳೆಯೂ ಮೊಮ್ಮಗ ಕೊಯ್ಯುವ ಬಾಳೆಯೂ ಬೇರೆ ಬೇರೆಯಲ್ಲ, ಒಂದೇ ಗಿಡ. ಮದುವೆಯ ಚಪ್ಪರದ ಬಾಗಿಲಿಗೆ ಬಾಳೆಯ ಕಂಬವನ್ನು ಕಟ್ಟಿ, ವಂಶವು ಎಡೆಬಿಡದೆ ಬೆಳೆಯಲೆಂದು ಹಾರೈಸುವ ನಮ್ಮ ಹಿರಿಯರು ಈ ಸತ್ಯವನ್ನು ಶಾಸ್ತ್ರಜ್ಞರಿಗಿಂತ ಮೊದಲೇ ಕಂಡುಕೊಂಡಿದ್ದರೆನ್ನಬಹುದು.

ಆದರೆ ಎಲ್ಲವೂ ಒಂದೇ ಗಿಡವಾದರೆ, ಒಂದಕ್ಕೆ ಬಂದ ಮೃತ್ಯು ಎಲ್ಲಕ್ಕೂ ಬರುತ್ತದೆ. ಮಣ್ಣಿನಲ್ಲಿ ವಾಸಿಸುವ ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರಿನ ಮೂಲಕ ಬಾಳೆಯ ಮೈಯನ್ನು ಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ, ದಿಂಡು ಸೀಳುತ್ತದೆ, ಗಿಡ ನಿಂತಲ್ಲೇ ಸಾಯುತ್ತದೆ. ಇದೇ ಪನಾಮಾ ಸೊರಗು ರೋಗ. ಇದಕ್ಕೆ ಔಷಧವಿಲ್ಲ, ಒಮ್ಮೆ ಹೊಕ್ಕ ಮಣ್ಣಿನಲ್ಲಿ ಈ ಶಿಲೀಂಧ್ರವು ಹತ್ತಾರು ವರ್ಷ ಜೀವ ಹಿಡಿದುಕೊಂಡಿರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕ ಯೂರೋಪುಗಳ ಪೇಟೆಗಳನ್ನು ಆಳಿದ ಗ್ರೋ ಮಿಷೆಲ್ ಎಂಬ ಬಾಳೆಯನ್ನು ಈ ರೋಗವು ಮಧ್ಯ ಅಮೆರಿಕದ ತೋಟಗಳಿಂದ ಗುಡಿಸಿಹಾಕಿತು. ಅದರ ಜಾಗಕ್ಕೆ ರೋಗವನ್ನು ತಡೆದುಕೊಂಡ ಕ್ಯಾವೆಂಡಿಷ್, ಅಂದರೆ ನಮ್ಮ ಪಚ್ಚಬಾಳೆಯ ಬಳಗ, ಬಂದಿತು. ಆದರೆ ರೋಗವೂ ಸುಮ್ಮನಿರಲಿಲ್ಲ. 1967ರಲ್ಲಿ ತೈವಾನಿನಲ್ಲಿ ಕ್ಯಾವೆಂಡಿಷ್ ಬಾಳೆಯೂ ಸೊರಗತೊಡಗಿತು. ರೋಗದ ಆ ಹೊಸ ರೂಪವು ದೇಶದಿಂದ ದೇಶಕ್ಕೆ ನಡೆದು ಬಿಹಾರದ ತೋಟಗಳಲ್ಲೂ ಕಾಣಿಸಿಕೊಂಡಿದೆ; 2019ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾವನ್ನೂ ಮುಟ್ಟಿತು.

ನಮ್ಮವರಿಗೆ ಈ ನೋವು ದೂರದ್ದಲ್ಲ. ಕಪಿಲೆಯ ದಡದ ನಂಜನಗೂಡಿನ ಹೆಸರನ್ನು ಹೊತ್ತ ರಸಬಾಳೆ ಇದೇ ಸೊರಗು ರೋಗಕ್ಕೆ ಬಲಿಯಾಗುತ್ತ ಬಂದ ತಳಿ. ಅದರ ಹೆಸರಿಗೆ ಸರಕಾರದ ಭೌಗೋಳಿಕ ಸೂಚನೆಯ ಮನ್ನಣೆ ದೊರೆತಿದೆ. ಆದರೆ ಒಂದು ಕಾಲಕ್ಕೆ ಊರ ಸುತ್ತ ಹಬ್ಬಿದ್ದ ತೋಟಗಳು ಮಾತ್ರ ಕುಗ್ಗಿಹೋದವು. ಹೆಸರು ಉಳಿದು ಗಿಡ ಅಳಿದರೆ ಏನು ಬಂತು?

ತೋಟವೂ ಸಾಲದು

ತಳಿಗಳನ್ನು ಉಳಿಸಲು ಮೊದಲು ಹೊಳೆಯುವ ಉಪಾಯವೆಂದರೆ ಎಲ್ಲವನ್ನೂ ತಂದು ಒಂದು ತೋಟದಲ್ಲಿ ನೆಡುವುದು. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ 1993ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಲ್ಲಿ ನೂರಾರು ತಳಿಗಳು ಹೀಗೆ ಸಾಲುಸಾಲಾಗಿ ನಿಂತಿವೆ. ಇದು ಆವಶ್ಯಕವಾದ ಕೆಲಸವೇ ಸರಿ. ಗೊನೆಯನ್ನು ಕಣ್ಣಾರೆ ಕಂಡು, ಹಣ್ಣನ್ನು ನಾಲಿಗೆಯಿಂದ ಪರೀಕ್ಷಿಸಬೇಕಾದರೆ ತೋಟವೇ ಬೇಕು. ಆದರೆ ತೋಟಕ್ಕೆ ಬಿರುಗಾಳಿಯ ಭಯ, ನೆರೆಯ ಭಯ, ರೋಗದ ಭಯ. ಮೇಲಾಗಿ ಬಾಳೆ ನಿಂತಲ್ಲಿ ನಿಲ್ಲುವ ಗಿಡವೂ ಅಲ್ಲ. ಕಂದುಗಳು ಪಕ್ಕಕ್ಕೆ ಸರಿಯುತ್ತ ಸರಿಯುತ್ತ ಒಂದರ ಜಾಗಕ್ಕೆ ಇನ್ನೊಂದು ನುಗ್ಗಿ, ಹೆಸರಿನ ಫಲಕ ಒಂದು ಕಡೆ, ಗಿಡ ಒಂದು ಕಡೆ ಆಗುವುದುಂಟು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ನೋಡಲು ಆರೋಗ್ಯವಾಗಿರುವ ಕಂದಿನ ಗಡ್ಡೆಯಲ್ಲೂ ರೋಗ ಅಡಗಿರಬಹುದು. ಅದನ್ನು ಒಂದೂರಿಂದ ಇನ್ನೊಂದೂರಿಗೆ ಕೊಂಡೊಯ್ದರೆ ಬಾಳೆಯೊಡನೆ ರೋಗವನ್ನೂ ಕೊಂಡೊಯ್ದಂತೆ. ಈ ಕಾರಣದಿಂದಲೇ ಜಗತ್ತಿನ ಅತಿ ದೊಡ್ಡ ಬಾಳೆಯ ಸಂಗ್ರಹವು ಬಾಳೆಯೇ ಬೆಳೆಯದ ದೇಶವೊಂದರಲ್ಲಿದೆ. ಬೆಲ್ಜಿಯಂ ದೇಶದ ಲುವೆನ್ ನಗರದ ಪುರಾತನ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಕೇಂದ್ರದಲ್ಲಿ 1,500ಕ್ಕೂ ಹೆಚ್ಚು ಬಾಳೆಯ ಮಾದರಿಗಳು ಗಾಜಿನ ನಳಿಗೆಗಳಲ್ಲಿ ಬದುಕಿವೆ. ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಪೂರ್ವ ಆಫ್ರಿಕದ ಅಡಿಗೆಬಾಳೆಯೂ ಶಾಂತಸಾಗರದ ದ್ವೀಪಗಳ ಬಾಳೆಯೂ ಭಾರತದ ಬಾಳೆಯೂ ಪಕ್ಕಪಕ್ಕದಲ್ಲಿ ಕುಳಿತಿವೆ. ಅಲ್ಲಿನ ಊರಿನಲ್ಲಿ ಬಾಳೆಯ ತೋಟವಿಲ್ಲವಾದುದರಿಂದ ತೋಟದ ರೋಗವು ಒಳಗೆ ಬರುವ ಸಂಭವವಿಲ್ಲ. ಒಳಗಿನದು ಹೊರಗೆ ಹೋಗಿ ಕೆಡಿಸುವ ಸಂಭವವೂ ಇಲ್ಲ. ಅಲ್ಲಿಂದ ನೂರಕ್ಕೂ ಹೆಚ್ಚು ದೇಶಗಳಿಗೆ ಪರೀಕ್ಷಿಸಿದ ಸಸಿಗಳು ಹೋಗಿವೆ.

ನಳಿಗೆಯೊಳಗಿನ ಸಂಸಾರ

ನಳಿಗೆಯೊಳಗೆ ಬಾಳೆ ಸೇರುವ ಬಗೆಯನ್ನು ನೋಡೋಣ. ಆರೋಗ್ಯವಾದ ಒಂದು ಕಂದನ್ನು ಕಿತ್ತು, ತೊಳೆದು, ಈರುಳ್ಳಿಯ ಪದರಗಳನ್ನು ಬಿಡಿಸುವಂತೆ ಎಲೆಯ ತಳಗಳನ್ನು ಒಂದೊಂದಾಗಿ ಸುಲಿಯುತ್ತ ಹೋದರೆ ನಟ್ಟನಡುವೆ ಬೆಳವಣಿಗೆಯ ತುದಿ ಸಿಗುತ್ತದೆ. ಅದನ್ನು ಕ್ರಿಮಿಶುದ್ಧಿ ಮಾಡಿ, ಶುದ್ಧವಾದ ಗಾಳಿಯ ಕೆಳಗೆ ಕತ್ತರಿಸಿ, ಪೋಷಕ ದ್ರವ್ಯದ ಮೇಲೆ ಇಡುತ್ತಾರೆ. ಈ ದ್ರವ್ಯದಲ್ಲಿ ಲವಣಗಳಿವೆ, ಸಕ್ಕರೆಯಿದೆ, ಗಟ್ಟಿಯಾಗಿ ನಿಲ್ಲಲು ಸಮುದ್ರದ ಪಾಚಿಯಿಂದ ತೆಗೆದ ಅಗರ್ ಇದೆ. ಅದರ ಪಾಕವಿಧಿಯನ್ನು ಮುರಾಶಿಗೆ ಮತ್ತು ಸ್ಕೂಗ್ ಎಂಬವರು 1962ರಲ್ಲಿ ಪ್ರಕಟಿಸಿದರು. ಅವರು ಅದನ್ನು ಸಿದ್ಧಪಡಿಸಿದ್ದು ಹೊಗೆಸೊಪ್ಪಿನ ಅಂಗಾಂಶಕ್ಕಾಗಿ.

ಅಡಿಗೆಯವರಿಗೆ ಪರಿಚಿತವಾದ ಒಂದು ಕಷ್ಟ ಇಲ್ಲಿಯೂ ಉಂಟು. ಬಾಳೆಕಾಯಿಯನ್ನು ಹೆಚ್ಚಿದೊಡನೆ ಅದು ಕಪ್ಪಾಗುತ್ತದಲ್ಲವೆ? ಹೋಟೆಲಿನಲ್ಲಿ ಅದನ್ನು ಕೂಡಲೇ ಮಜ್ಜಿಗೆಯ ನೀರಿಗೋ ಹುಳಿನೀರಿಗೋ ಹಾಕುತ್ತಾರೆ. ಪ್ರಯೋಗಶಾಲೆಯಲ್ಲೂ ಕೊಯ್ದ ತುದಿ ಹೀಗೆಯೇ ಕಪ್ಪಾಗಿ, ತನ್ನ ರಸವೇ ತನಗೆ ವಿಷವಾಗಿ ಸಾಯುವುದುಂಟು. ಅದನ್ನು ತಡೆಯಲು ಅಲ್ಲಿನವರು ನಿಂಬೆಯಲ್ಲಿರುವ ಹುಳಿಯನ್ನೂ 'ಸಿ' ಜೀವಸತ್ತ್ವವನ್ನೂ ಬಳಸುತ್ತಾರೆ. ಉಪಾಯ ಒಂದೇ, ಪಾತ್ರೆ ಮಾತ್ರ ಬೇರೆ.

ಪೋಷಕ ದ್ರವ್ಯಕ್ಕೆ ಸೈಟೊಕೈನಿನ್ ಎಂಬ ಬೆಳವಣಿಗೆಯ ಚೋದಕವನ್ನು ಬೆರೆಸಿದರೆ ಒಂದು ತುದಿಯ ಪಕ್ಕದಲ್ಲಿ ಹಲವು ಮೊಳಕೆಗಳು ಏಳುತ್ತವೆ. ಅವುಗಳನ್ನು ಬಿಡಿಸಿ ಬೇರೆ ಬೇರೆ ನಳಿಗೆಗಳಿಗೆ ಹಾಕಿದರೆ ಅಲ್ಲಿಯೂ ಮತ್ತಷ್ಟು. ಪ್ರತಿಯೊಂದು ಸರದಿಯಲ್ಲಿ ಒಂದು ಮೂರಾದರೆ ಎಂಟು ಸರದಿಗಳಲ್ಲಿ ಎಷ್ಟಾಗುತ್ತದೆಂದು ಗುಮಾಸ್ತರು ಲೆಕ್ಕ ಹಾಕಿ ನೋಡಬಹುದು: 6,561. ಒಂದೇ ಕಂದಿನಿಂದ ಹಲವು ಎಕರೆಗಳ ತೋಟ! ಜಳಗಾಂವಿನ ಕಡೆಯಿಂದ ಲಾರಿಗಳಲ್ಲಿ ಮುಂಬಯಿಗೆ ಬರುವ ಉದ್ದನೆಯ ಹಣ್ಣುಗಳಲ್ಲಿ ಬಹಳಷ್ಟು ಹೀಗೆ ಅಂಗಾಂಶ ಕೃಷಿಯಿಂದ ಹುಟ್ಟಿದ ಗಿಡಗಳವು. ರೈತನಿಗೆ ಇದರಿಂದ ನಿಸ್ಸಂದೇಹವಾಗಿ ಲಾಭವಾಗಿದೆ. ಎಲ್ಲ ಗಿಡಗಳೂ ಒಂದೇ ಕಾಲಕ್ಕೆ ಗೊನೆ ಬಿಡುತ್ತವೆ. ಕಂದಿನೊಡನೆ ಬರುವ ಹುಳುವಾಗಲಿ ಶಿಲೀಂಧ್ರವಾಗಲಿ ಸಸಿಯೊಡನೆ ಬರುವುದಿಲ್ಲ.

ಹಾಗಿದ್ದರೆ ಕಾಪಿಡುವ ಕೆಲಸಕ್ಕೂ ಇದೇ ವಿಧಾನ ಸಾಕಲ್ಲವೆ ಎಂದು ಯಾರಿಗಾದರೂ ತೋರಬಹುದು. ತೊಡಕು ಇರುವುದು ಇಲ್ಲಿಯೇ.

ನಕಲಿನ ನಕಲು

ಕಚೇರಿಯಲ್ಲಿ ಹಳೆಯ ದಫ್ತರವೊಂದನ್ನು ಕೈಯಿಂದ ನಕಲು ಮಾಡಿಸಿ, ಆ ನಕಲಿನಿಂದ ಇನ್ನೊಂದು ನಕಲು, ಅದರಿಂದ ಮತ್ತೊಂದು ನಕಲು ಮಾಡಿಸುತ್ತ ಹೋದರೆ ಏನಾಗುತ್ತದೆ? ಒಬ್ಬ ಗುಮಾಸ್ತನು ಏಳನ್ನು ಒಂದೆಂದು ಬರೆದರೆ ಅವನ ಮುಂದಿನವರೆಲ್ಲರೂ ಒಂದೆಂದೇ ಬರೆಯುತ್ತಾರೆ. ಮೂಲವು ಕಳೆದುಹೋಗಿದ್ದರೆ ತಪ್ಪೇ ಮೂಲವಾಗಿ ನಿಲ್ಲುತ್ತದೆ. ನಳಿಗೆಯೊಳಗಿನ ಬಾಳೆಯ ಸ್ಥಿತಿಯೂ ಇದೇ. ಜೀವಕೋಶವು ಎರಡಾಗುವಾಗಲೆಲ್ಲ ತನ್ನ ಆನುವಂಶಿಕ ಬರಹದ ನಕಲನ್ನು ತೆಗೆಯುತ್ತದೆ. ಚೋದಕದ ಒತ್ತಡದಲ್ಲಿ ಅವಸರದಿಂದ ಸಾವಿರಾರು ಸಲ ನಕಲು ನಡೆದಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಪರಿಣಾಮವಾಗಿ ಕೆಲವು ಗಿಡಗಳು ಗಿಡ್ಡವಾಗುತ್ತವೆ, ಕೆಲವುಗಳ ಎಲೆ ಸುಕ್ಕಾಗುತ್ತದೆ, ಕೆಲವುಗಳ ಗೊನೆ ಬೇರೆ ರೂಪ ತಾಳುತ್ತದೆ. ನಳಿಗೆಯೊಳಗೆ ಇರುವಷ್ಟು ಕಾಲ ಇವುಗಳ ಗುರುತು ಹತ್ತುವುದು ಬಹಳ ಕಷ್ಟ. ಮಣ್ಣಿಗೆ ಇಳಿದು ವರ್ಷ ಕಳೆದ ಮೇಲೆಯೇ ಗುಟ್ಟು ಹೊರಬೀಳುತ್ತದೆ.

ರೈತನ ತೋಟದಲ್ಲಿ ನೂರಕ್ಕೆ ನಾಲ್ಕೈದು ಗಿಡಗಳು ಹೀಗಾದರೆ ಅಷ್ಟರ ಮಟ್ಟಿಗೆ ನಷ್ಟ, ಉಳಿದವು ಉಂಟು. ಸಸಿ ಮಾರುವವರು ಒಂದು ತುದಿಯಿಂದ ಏಳೆಂಟು ಸರದಿಗಳಿಗಿಂತ ಹೆಚ್ಚು ತೆಗೆಯಬಾರದೆಂಬ ಸಾಮಾನ್ಯ ಮಿತಿಯೂ ಉಂಟು. ಆದರೆ ಕಾಪಿಡುವವನಿಗೆ ಏಳೆಂಟು ಸರದಿಗಳಲ್ಲಿ ಕೆಲಸ ಮುಗಿಯುವುದಿಲ್ಲ. ಅವನ ಕೆಲಸ ಐವತ್ತು ವರ್ಷ, ನೂರು ವರ್ಷ ನಡೆಯಬೇಕಾದುದು. ಅವನ ಕೈಯಲ್ಲಿರುವುದು ಒಂದು ತಳಿಯ ಕೆಲವೇ ನಳಿಗೆಗಳು. ಅವು ಬದಲಾದರೆ ತಳಿಯೇ ಹೋಯಿತು. ಹೋದದ್ದು ಗೊತ್ತೂ ಆಗುವುದಿಲ್ಲ, ಏಕೆಂದರೆ ನಳಿಗೆಯ ಮೇಲಿನ ಚೀಟಿಯಲ್ಲಿ ಹಳೆಯ ಹೆಸರೇ ಇರುತ್ತದೆ.

ಈ ತಪ್ಪಿನಿಂದಲೂ ಒಂದು ಒಳಿತು ಆದುದನ್ನು ಇಲ್ಲಿ ಹೇಳಬೇಕು. ತೈವಾನಿನ ಬಾಳೆ ಸಂಶೋಧನಾಲಯದವರು ಅಂಗಾಂಶ ಕೃಷಿಯ ಸಾವಿರಾರು ಗಿಡಗಳನ್ನು ಸೊರಗು ರೋಗದ ಮಣ್ಣಿನಲ್ಲೇ ನೆಟ್ಟು, ಸಾಯದೆ ಉಳಿದ ವಿಪರೀತಗಳನ್ನು ಆರಿಸಿದರು. 'ಫಾರ್ಮೋಸಾನಾ' ಎಂಬ ಹೆಸರಿನ, ರೋಗವನ್ನು ಬಹುಮಟ್ಟಿಗೆ ತಡೆಯುವ ತಳಿ ಹೊರಬಂದದ್ದು ಹೀಗೆ. ಆದರೆ ಹೊಸತನ್ನು ಹುಡುಕುವವನಿಗೆ ವರವಾದುದು ಹಳತನ್ನು ಕಾಯುವವನಿಗೆ ಶಾಪವೇ.

ಆದುದರಿಂದ ಪ್ರಯೋಗಶಾಲೆಯ ವೃದ್ಧಿಯನ್ನು ಸಂರಕ್ಷಣೆಗಾಗಿ ಸುಧಾರಿಸುವುದೆಂದರೆ ಹೆಚ್ಚು ಬೆಳೆಸುವುದಲ್ಲ. ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಬೆಳೆಸುವುದು. ಒಂದೊಂದು ನಕಲನ್ನು ಉಳಿಸಿದಷ್ಟೂ ಒಂದೊಂದು ತಪ್ಪಿನ ಸಂಭವವು ಕಡಿಮೆಯಾಯಿತು.

ನಿಧಾನವೇ ಪ್ರಧಾನ

ಇದಕ್ಕಾಗಿ ಲುವೆನ್ನಿನವರು ಹಿಡಿದ ಮೊದಲ ದಾರಿ ಬೆಳವಣಿಗೆಯನ್ನು ನಿಧಾನಗೊಳಿಸುವುದು. ನಳಿಗೆಯ ಬಾಳೆ ಚೆನ್ನಾಗಿ ಬೆಳೆಯಲು ಇಪ್ಪತ್ತೇಳು ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚನೆಯ ಕೋಣೆ ಬೇಕು. ಆಗ ಸುಮಾರು ತಿಂಗಳಿಗೊಮ್ಮೆ ಅದನ್ನು ಬಿಡಿಸಿ ಹೊಸ ದ್ರವ್ಯಕ್ಕೆ ಹಾಕಬೇಕಾಗುತ್ತದೆ. ಕೋಣೆಯ ಶಾಖವನ್ನು 16 ಡಿಗ್ರಿಗೆ ಇಳಿಸಿ, ಬೆಳಕನ್ನೂ ಮಂದ ಮಾಡಿದರೆ ಬಾಳೆ ಅರೆನಿದ್ರೆಗೆ ಸಲ್ಲುತ್ತದೆ. ಆಗ ಸರಾಸರಿ ವರ್ಷಕ್ಕೊಮ್ಮೆ ಮುಟ್ಟಿದರೆ ಸಾಕು. ಇನ್ನೂ ತಣ್ಣಗೆ ಮಾಡಿದರೆ ಮತ್ತೂ ಒಳ್ಳೆಯದಲ್ಲವೆ ಎಂದರೆ, ಅಲ್ಲ. ಬಾಳೆ ಉಷ್ಣದೇಶದ ಜೀವ. ಶೀತಪೆಟ್ಟಿಗೆಯಲ್ಲಿಟ್ಟ ಹಣ್ಣಿನ ಸಿಪ್ಪೆ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ನಳಿಗೆಯ ಸಸಿಯೂ ಅತಿಯಾದ ಚಳಿಯನ್ನು ತಾಳಲಾರದು.

ಎಲ್ಲ ತಳಿಗಳ ನಡೆಯೂ ಒಂದೇ ಬಗೆಯಲ್ಲ. ಕೆಲವು ಆರು ತಿಂಗಳೊಳಗೇ ಸೊರಗಿ ಹೊಸ ಆಹಾರ ಕೇಳುತ್ತವೆ. ಕೆಲವು ವರ್ಷ ದಾಟಿದರೂ ಹಸುರಾಗಿಯೇ ಇರುತ್ತವೆ. ಕೆಲವು ಹೂಕೋಸಿನಂತೆ ಮೊಗ್ಗಿನ ಗಂಟು ಕಟ್ಟುತ್ತವೆ. ಕೆಲವು ಎಷ್ಟು ಚೋದಿಸಿದರೂ ಒಂಟಿಯಾಗಿಯೇ ನಿಲ್ಲುತ್ತವೆ. ನೋಡಿಕೊಳ್ಳುವವರು ಪ್ರತಿಯೊಂದರ ಸ್ವಭಾವವನ್ನು ಅರಿತು ಕಾಲ ಗೊತ್ತುಮಾಡಬೇಕು. ಒಂದೊಂದು ತಳಿಗೆ ಇಪ್ಪತ್ತು ನಳಿಗೆಗಳನ್ನು ಇಟ್ಟು, ಅವುಗಳಲ್ಲಿ ರೂಪ ಕೆಟ್ಟುದನ್ನೂ ಬ್ಯಾಕ್ಟೀರಿಯಾ ಹತ್ತಿದುದನ್ನೂ ಕಿತ್ತೆಸೆಯುತ್ತಾರೆ. ಮೊಸರಿಗೆ ಹೆಪ್ಪು ಹಾಕುವ ಕೈ ಎಷ್ಟು ಶುದ್ಧವಾಗಿರಬೇಕೆಂಬುದು ಅಡಿಗೆಮನೆಯಲ್ಲಿ ಗೊತ್ತಿರುವ ಸಂಗತಿ. ಒಂದು ದಿನದ ಹೆಪ್ಪು ಕೆಟ್ಟರೆ ಮರುದಿನದ ಮೊಸರೂ ಅದರ ಮರುದಿನದ ಮೊಸರೂ ಕೆಡುತ್ತದೆ. ನಳಿಗೆಯ ಶಾಸ್ತ್ರವೂ ಅದೇ.

ಇಷ್ಟಾದರೂ ಸಂದೇಹ ತೀರುವುದಿಲ್ಲ. ಹತ್ತು ವರ್ಷಗಳಿಗೊಮ್ಮೆ ಪ್ರತಿ ತಳಿಯ ಸಸಿಗಳನ್ನು ನಳಿಗೆಯಿಂದ ಹೊರತೆಗೆದು ಮಣ್ಣಿನಲ್ಲಿ ಬೆಳೆಸಿ, ಗಿಡವು ತನ್ನ ಹೆಸರಿಗೆ ತಕ್ಕಂತಿದೆಯೆ ಎಂದು ಪರಿಶೀಲಿಸಿ, ಸರಿಯಾದುದರಿಂದ ಮತ್ತೆ ಹೊಸ ನಳಿಗೆಗಳನ್ನು ಆರಂಭಿಸುವ ಕ್ರಮವನ್ನು ಅಲ್ಲಿ ಇಟ್ಟುಕೊಂಡಿದ್ದಾರೆ. ವರ್ಷಾಂತ್ಯದಲ್ಲಿ ಖಾತೆಯನ್ನು ಮೂಲ ರಸೀದಿಗಳೊಡನೆ ತಾಳೆ ನೋಡುವಂತೆ ಇದು.

ಮೈಸೂರಿನ ಹೆಸರಿನ ವೈರಿ

ನಳಿಗೆಯಲ್ಲಿ ಇನ್ನೊಂದು ಅಪಾಯವೂ ಹೊಂಚುಹಾಕಿದೆ. ಅದಕ್ಕೂ ನಮ್ಮ ನಾಡಿಗೂ ಒಂದು ವಿಚಿತ್ರ ನಂಟುಂಟು. ಜಗತ್ತಿನ ಬಾಳೆಯ ಶಾಸ್ತ್ರಗ್ರಂಥಗಳಲ್ಲಿ 'ಮೈಸೂರು' ಎಂಬ ಹೆಸರಿನ ಒಂದು ಬಳಗವಿದೆ. ತಮಿಳರ ಪೂವನ್ ಬಾಳೆ ಇದಕ್ಕೆ ಸೇರಿದ್ದು. ಇದನ್ನು ಕಾಡುವ, ಎಲೆಯ ಮೇಲೆ ಹಳದಿ ಗೀರುಗಳನ್ನು ಎಳೆಯುವ ವೈರಸ್ಸಿಗೂ ಮೈಸೂರಿನ ಹೆಸರೇ ಬಂದಿದೆ. ಇದರ ವಿಶೇಷವೇನೆಂದರೆ, ಇದು ಹೊರಗಿನಿಂದ ಮಾತ್ರ ಬರುವ ಶತ್ರುವಲ್ಲ. ಮ್ಯೂಸಾ ಬಾಲ್ಬಿಸಿಯಾನಾದಿಂದ ಬಂದ 'ಬಿ' ಪಾಲಿನ ವರ್ಣತಂತುಗಳಲ್ಲೇ ಈ ಬಗೆಯ ವೈರಸ್ಸುಗಳ ಬರಹವು ಎಂದೋ ಸೇರಿ ಮಲಗಿಬಿಟ್ಟಿದೆ. ಗಿಡವು ಕಷ್ಟಕ್ಕೆ ಸಿಕ್ಕಿದಾಗ ಅದು ಎಚ್ಚರಗೊಳ್ಳಬಹುದು. ಅಂಗಾಂಶ ಕೃಷಿಯೂ ಗಿಡಕ್ಕೆ ಅಂತಹ ಒಂದು ಕಷ್ಟವೇ. ರೋಗವಿಲ್ಲದಂತೆ ಮಾಡಲೆಂದು ನಳಿಗೆಗೆ ಹಾಕಿದ ಗಿಡದಲ್ಲಿ ನಳಿಗೆಯ ಕಾರಣದಿಂದಲೇ ರೋಗವು ಏಳುವ ವಿಪರ್ಯಾಸವನ್ನು ಏನೆಂದು ಹೇಳೋಣ!

ಹೊರಗಿನಿಂದ ಹತ್ತಿದ ಕೆಲವು ವೈರಸ್ಸುಗಳನ್ನು ತೆಗೆಯಬಹುದು. ಬೆಳವಣಿಗೆಯ ತುದಿಯ ಅತಿ ಎಳೆಯ ಭಾಗಕ್ಕೆ ವೈರಸ್ಸು ಸಾಮಾನ್ಯವಾಗಿ ತಲಪಿರುವುದಿಲ್ಲವಾದುದರಿಂದ ಅಷ್ಟನ್ನೇ ಕೊಯ್ದು ಬೆಳೆಸಿದರೆ ಶುದ್ಧ ಸಸಿ ದೊರೆಯಬಹುದು. ಆದರೆ ವರ್ಣತಂತುವಿನಲ್ಲೇ ಕುಳಿತುದನ್ನು ಯಾವ ಚಾಕುವೂ ಕತ್ತರಿಸಲಾರದು. ಗಿಡವನ್ನು ಆದಷ್ಟು ಕಡಿಮೆ ಕಾಡಬೇಕೆಂಬುದಕ್ಕೆ ಇದು ಇನ್ನೊಂದು ಕಾರಣ.

ಪಾಕದ ಗುಟ್ಟು

ನಿಧಾನ ಮಾಡುವುದಕ್ಕಿಂತ ಉತ್ತಮವಾದುದು ನಿಲ್ಲಿಸಿಯೇ ಬಿಡುವುದು. ದ್ರವರೂಪದ ಸಾರಜನಕದ ಶೈತ್ಯ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಆ ಚಳಿಯಲ್ಲಿ ಜೀವದ ವ್ಯಾಪಾರವೆಲ್ಲ ನಿಂತುಹೋಗುತ್ತದೆ. ಕೋಶವು ಎರಡಾಗುವುದಿಲ್ಲ, ನಕಲು ತೆಗೆಯುವುದಿಲ್ಲ, ತಪ್ಪುವುದೂ ಇಲ್ಲ. ಆದರೆ ಬಾಳೆಯ ತುದಿಯನ್ನು ಸುಮ್ಮನೆ ಅದರಲ್ಲಿ ಅದ್ದಿದರೆ ಕೋಶದೊಳಗಿನ ನೀರು ಮಂಜಿನ ಹರಳುಗಳಾಗಿ, ಆ ಹರಳಿನ ಮೊನೆಗಳು ಕೋಶವನ್ನು ಚುಚ್ಚಿ ಕೊಲ್ಲುತ್ತವೆ. ಹದಿನಾರು ಡಿಗ್ರಿಗಿಂತ ಬಹಳ ಕೆಳಗಿನ ಚಳಿಯನ್ನು ತಾಳದ ಗಿಡವನ್ನು ಇಂತಹ ಮಹಾಶೈತ್ಯದಲ್ಲಿ ಬದುಕಿಸುವುದೆಂತು?

ಮಿಠಾಯಿ ಮಾಡುವವರು ಇದರ ಉತ್ತರವನ್ನು ಬೇಗ ಹಿಡಿಯಬಲ್ಲರು. ಸಕ್ಕರೆಯ ಪಾಕ ಎರಡು ಬಗೆಯಲ್ಲಿ ಗಟ್ಟಿಯಾಗುತ್ತದೆ. ಒಂದು, ಹರಳುಗಟ್ಟಿ ಮರಳುಮರಳಾಗುವುದು. ಇನ್ನೊಂದು, ಚಿಕ್ಕಿಯ ಪಾಕದಂತೆ ಗಾಜಿನ ಹಾಗೆ ನಿರ್ಮಲವಾಗಿ ನಿಲ್ಲುವುದು. ನೀರಿನಂಶವನ್ನು ಸಾಕಷ್ಟು ಕಳೆದು, ಬೇಗನೆ ಆರಿಸಿದರೆ ಹರಳು ಕಟ್ಟಲು ಅವಕಾಶವೇ ಇರುವುದಿಲ್ಲ. ಜಪಾನಿನ ಅಕಿರಾ ಸಕಾಯಿ ಮತ್ತು ಅವರ ಸಂಗಡಿಗರು 1990ರಲ್ಲಿ ಸಸ್ಯಗಳ ಅಂಗಾಂಶವನ್ನು ಹೀಗೆ ಗಾಜಿನಂತೆ ಮಾಡುವ ಒಂದು ದ್ರಾವಣವನ್ನು ಪ್ರಕಟಿಸಿದರು. ಅದರಲ್ಲಿ ಗ್ಲಿಸರಿನ್ ಮುಖ್ಯ. ಸಕ್ಕರೆಯೂ ಬೇರೆರಡು ರಾಸಾಯನಿಕಗಳೂ ಸೇರಿವೆ. ಲುವೆನ್ನಿನ ಬಾರ್ಟ್ ಪಾನಿಸ್ ಮತ್ತು ಅವರ ಸಂಗಡಿಗರು 2005ರಲ್ಲಿ ಇದನ್ನು ಬಾಳೆಯ ಇಡೀ ಕುಟುಂಬಕ್ಕೆ ಹೊಂದುವಂತೆ ಹದಗೊಳಿಸಿದರು.

ಅವರ ಕ್ರಮ ಹೀಗೆ: ಸುಮಾರು ಒಂದು ಮಿಲಿಮೀಟರಿನಷ್ಟಿರುವ ಬೆಳವಣಿಗೆಯ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ, ಮೊದಲು ಸೌಮ್ಯವಾದ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಇಡುವುದು. ಆಮೇಲೆ ಸೊನ್ನೆ ಡಿಗ್ರಿಯಲ್ಲಿ ತೀಕ್ಷ್ಣವಾದ ದ್ರಾವಣದಲ್ಲಿ ಅರ್ಧ ಗಂಟೆ ಅಥವಾ ಸ್ವಲ್ಪ ಹೆಚ್ಚು. ಕಡಿಮೆಯಾದರೆ ನೀರು ಉಳಿದು ಹರಳಾಗುತ್ತದೆ. ಹೆಚ್ಚಾದರೆ ದ್ರಾವಣವೇ ವಿಷವಾಗುತ್ತದೆ. ಬಳಿಕ ತೆಳುವಾದ ಅಲ್ಯುಮಿನಿಯಂ ಹಾಳೆಯ ಮೇಲೆ ಒಂದು ಹನಿ ದ್ರಾವಣದಲ್ಲಿ ತುದಿಯನ್ನಿಟ್ಟು, ಒಮ್ಮೆಲೇ ದ್ರವ ಸಾರಜನಕದಲ್ಲಿ ಮುಳುಗಿಸುವುದು. ಹೊರತೆಗೆಯುವಾಗಲೂ ಅಷ್ಟೇ ಚುರುಕಿನಿಂದ ಬೆಚ್ಚನೆಯ ಸಕ್ಕರೆಯ ದ್ರಾವಣಕ್ಕೆ ಹಾಕಬೇಕು. ಎಲ್ಲವೂ ಬದುಕುವುದಿಲ್ಲ. ಬದುಕುವ ಪ್ರಮಾಣವು ತಳಿಯಿಂದ ತಳಿಗೆ ಬೇರೆ. ಆದುದರಿಂದ ಕನಿಷ್ಠ ಒಂದಾದರೂ ನಿಶ್ಚಯವಾಗಿ ಮರಳಿ ಚಿಗುರುವಷ್ಟು ತುದಿಗಳನ್ನು ಲೆಕ್ಕ ಹಾಕಿಯೇ ಇಡುತ್ತಾರೆ. ಈ ಮಹಾಶೈತ್ಯದಲ್ಲಿ ಹೊರಪದರದ ಕೋಶಗಳು ಸತ್ತು ಅತಿ ಎಳೆಯವು ಮಾತ್ರ ಉಳಿಯುವುದರಿಂದ ಕೆಲವು ವೈರಸ್ಸುಗಳೂ ತೊಲಗುತ್ತವೆಂಬುದು ಅನಿರೀಕ್ಷಿತ ಲಾಭ.

ಲುವೆನ್ನಿನಲ್ಲಿ 1,000ಕ್ಕೂ ಹೆಚ್ಚು ಮಾದರಿಗಳು ಹೀಗೆ ಮಲಗಿವೆ. ಬೆಂಕಿ, ಯುದ್ಧಗಳ ಭಯಕ್ಕೆ ಇನ್ನೊಂದು ಪ್ರತಿಯನ್ನು ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿ ಇರಿಸಲಾಗಿದೆ. ಈ ಪೀಪಾಯಿಗಳಿಗೆ ವಿದ್ಯುತ್ತಿನ ಹಂಗಿಲ್ಲ. ಸಾರಜನಕವನ್ನು ಕಾಲಕಾಲಕ್ಕೆ ತುಂಬುತ್ತಿದ್ದರೆ ಸಾಕು. ಆದರೆ ಆ 'ಕಾಲಕಾಲಕ್ಕೆ' ಎಂಬ ಮಾತು ಒಂದು ವರ್ಷವೂ ತಪ್ಪಬಾರದು. ನಮ್ಮ ದೇಶದಲ್ಲಿಯೂ ದೆಹಲಿಯ ಪೂಸಾ ಆವರಣದ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಕೇಂದ್ರದಲ್ಲಿ ನಳಿಗೆಯ ಬಾಳೆಗಳ ಭಂಡಾರವಿದೆ. ದೆಹಲಿಯಲ್ಲಿರುವ ಕನ್ನಡಿಗರ ನೆರೆಯಲ್ಲೇ ದಕ್ಷಿಣದ ಬಾಳೆಗಳೂ ತಮ್ಮ ಊರನ್ನು ಬಿಟ್ಟು ಬಂದು ಬಾಳುತ್ತಿವೆ ಎನ್ನಬಹುದು.

ಹೆಸರು ಬಲ್ಲವರು ಯಾರು?

ಇಷ್ಟೆಲ್ಲ ಕೌಶಲವಿದ್ದರೂ ಒಂದು ಕೆಲಸವನ್ನು ಪ್ರಯೋಗಶಾಲೆ ತಾನಾಗಿ ಮಾಡಲಾರದು. ನಳಿಗೆಯಿಂದ ಹೊರಬಂದ ಗಿಡ ನಿಜವಾದ ರಸಬಾಳೆಯೇ ಎಂದು ಹೇಳುವುದಕ್ಕೆ ನಿಜವಾದ ರಸಬಾಳೆಯನ್ನು ಕಂಡವರು, ಉಂಡವರು ಬೇಕು. ವರ್ಣತಂತುಗಳ ಪರೀಕ್ಷೆ ಬಹಳಷ್ಟನ್ನು ಹೇಳುತ್ತದೆ. ತಿರುಳು ಬಾಯಲ್ಲಿ ಕರಗುವ ಬಗೆಯನ್ನೂ ಸಿಪ್ಪೆ ಕಳಿತಾಗ ಏಳುವ ಪರಿಮಳವನ್ನೂ ಅದು ಹೇಳಲಾರದು. ಮತ್ತು ನಳಿಗೆಗೆ ಇನ್ನೂ ಸೇರದ ತಳಿಗಳೂ ಹಿತ್ತಿಲುಗಳಲ್ಲಿ ಇರಬಹುದು. ಕರಾವಳಿಯ ಮನೆಗಳ ಹಿಂದೆ, ಬಚ್ಚಲಿನ ನೀರು ಹರಿಯುವ ಕಡೆ, ಯಾರೂ ಮಾರದ, ಮನೆಯವರು ಮಾತ್ರ ಒಂದು ಹೆಸರಿನಿಂದ ಕರೆಯುವ ಬಾಳೆಯ ಹಿಂಡಿಲು ಎಷ್ಟು ಕಡೆ ಇಲ್ಲ! ಮನೆ ಮುಚ್ಚಿದರೆ, ಹಿತ್ತಿಲು ಸಪಾಟಾದರೆ, ಹೆಸರೂ ಹೋಗುತ್ತದೆ, ಗಿಡವೂ ಹೋಗುತ್ತದೆ.

ಆದುದರಿಂದ ಈ ಸಲ ಚೌತಿಗೋ ದೀಪಾವಳಿಗೋ ರಜೆ ದೊರೆತು ಊರಿಗೆ ಹೋಗುವ ಬಂಧುಗಳು ಒಂದು ಕೆಲಸ ಮಾಡಬಹುದು. ಹಿತ್ತಿಲಿನ ಬಾಳೆಯ ಹೆಸರೇನು, ಅದು ಎಲ್ಲಿಂದ ಬಂತು, ಯಾವ ಅಡಿಗೆಗೆ ಒದಗುತ್ತದೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ರೋಗವಿಲ್ಲದ ತೋಟವಾದರೆ ಅದೇ ಊರಿನ ಇನ್ನೊಂದು ಹಿತ್ತಿಲಿಗೆ ಒಂದು ಕಂದನ್ನು ಕೊಡಿಸಬೇಕು; ಸೊರಗಿದ ತೋಟದಿಂದ ಮಾತ್ರ ಕಂದನ್ನು ಎಲ್ಲಿಗೂ ಒಯ್ಯಬಾರದು. ಅಪರೂಪದ್ದೆಂದು ತೋರಿದರೆ ಸಮೀಪದ ತೋಟಗಾರಿಕೆ ಇಲಾಖೆಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತಿಳಿಸಬೇಕು. ಸಾರಜನಕದ ಪೀಪಾಯಿಯಲ್ಲಿ ತುದಿಯೊಂದು ನೂರು ವರ್ಷ ಮಲಗಿರಬಲ್ಲದು. ಆದರೆ ಅದು ಎದ್ದ ದಿನ ಅದರ ಹೆಸರು ಹಿಡಿದು ಕರೆಯುವವರೊಬ್ಬರು ಇರಬೇಕಲ್ಲವೆ?